ವಿಷಕ್ಕೆ ವಿಷವೇ ಮದ್ದು



ಬೇಲಿಯ ಬದಿಯಲ್ಲಿ ಬೆಳೆಯುವ ಉಮ್ಮತ್ತಿ ಗಿಡವನ್ನು ನೀವು ನೋಡಿರುತ್ತೀರಿ. ಅದರ ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಭ್ರಮೆ ಹಿಡಿಯುತ್ತದೆ. ಇದಕ್ಕೆ ಕಾರಣವಾದ ವಸ್ತುಗಳಲ್ಲಿ ಅಟ್ರೋಪಿನ್ ಒಂದು.

ಇದು ಪ್ರಕೃತಿಯ ವಿಷ. ಇನ್ನು ಮನುಷ್ಯನ ಕೈಯಿಂದಾದ ವಿಷವನ್ನು ನೋಡೋಣ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕವನ್ನು ಹುಡುಕುತ್ತಿದ್ದಾಗ ಟಾಬುನ್ ಎಂಬ ರಂಜಕಯುಕ್ತ ವಿಷ ದೊರೆಯಿತು. ಸೈನ್ಯ ಅದನ್ನು ಅಸ್ತ್ರವಾಗಿಸಿತು. ಅದೇ ವಂಶದ ಕೆಲವು ಕೀಟನಾಶಕಗಳು ಇಂದಿಗೂ ನಮ್ಮ ಹೊಲಗಳಲ್ಲಿ ಬಳಕೆಯಲ್ಲಿವೆ.

ನರಗಳ ತುದಿಯಿಂದ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಈ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು ಸುರಿಯುತ್ತವೆ, ಪಾಪೆ ಕುಗ್ಗುತ್ತದೆ, ಶ್ವಾಸನಾಳದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. ಆಗ ವೈದ್ಯರು ಕೊಡುವುದು ಅಟ್ರೋಪಿನ್ ಚುಚ್ಚುಮದ್ದನ್ನೇ! ಗ್ರಂಥಿಗಳಿಗೂ ಶ್ವಾಸನಾಳಕ್ಕೂ ಸಂದೇಶ ತಲುಪುವ ಬಾಗಿಲನ್ನು ಅದು ಮುಚ್ಚುತ್ತದೆ.

ಹಾಗೆಂದು ಉಮ್ಮತ್ತಿಯನ್ನು ಅರೆದು ಕುಡಿಸಬೇಡಿ. ಗಿಡದಲ್ಲಿರುವ ವಿಷದ ಪ್ರಮಾಣ ತಿಳಿಯದು. ವೈದ್ಯರಾದರೋ ಅಳೆದು ಕೊಡುತ್ತಾರೆ. ಔಷಧ ಸಿಂಪಡಿಸುವಾಗ ಯಾರಾದರೂ ಅಸ್ವಸ್ಥರಾದರೆ ಅವರ ಬಟ್ಟೆ ತೆಗೆಸಿ, ಸಾಬೂನಿನಿಂದ ಮೈ ತೊಳೆಯಿರಿ. ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಡಬ್ಬಿಯ ಮೇಲಿನ ಹೆಸರನ್ನು ಬರೆದುಕೊಂಡು ಹೋಗುವುದನ್ನು ಮರೆಯಬೇಡಿ.