ಮರದ ಎರಡನೆಯ ಆಯುಸ್ಸು



ಮರಕ್ಕೆ ಎರಡು ಆಯುಸ್ಸುಗಳುಂಟು. ಕಾಡಿನಲ್ಲಿ ಬೆಳೆಯುವ ಕಾಲವು ಮೊದಲನೆಯದು. ಕಡಿದ ಮೇಲೆ ಕಂಬವಾಗಿ, ತೊಲೆಯಾಗಿ, ಬಾಗಿಲಾಗಿ ನಮ್ಮ ಸೇವೆಯಲ್ಲಿರುವ ಕಾಲವು ಎರಡನೆಯದು. ಐವತ್ತು ವರ್ಷ ಬೆಳೆದ ಮರದಿಂದ ಮಾಡಿದ ಕಂಬವು ಐದೇ ವರ್ಷಗಳಲ್ಲಿ ಬುಡ ಕೊಳೆತು ಬೀಳುವುದಾದರೆ, ಇನ್ನೊಂದು ಮರ ಬೆಳೆದು ಬರುವಷ್ಟರಲ್ಲಿ ಆ ಒಂದು ಗುಳಿಗೆ ಹತ್ತು ಕಂಬಗಳನ್ನು ನೆಡಬೇಕಾಗುತ್ತದೆ. ಹೀಗೆ ಆಯಕ್ಕಿಂತ ವ್ಯಯವು ಹೆಚ್ಚಾದ ಮನೆತನದ ಗತಿಯೇ ಕಾಡಿಗೂ ಒದಗುವುದು. ಚೌಬೀನೆಯ ಬಾಳಿಕೆಯನ್ನು ಹೆಚ್ಚಿಸುವ ಸಂಶೋಧನೆಯ ಮಹತ್ವವು ಈ ಸಣ್ಣ ಲೆಕ್ಕದಲ್ಲಿಯೇ ಅಡಗಿದೆ.

ಮರವು ಹಳೆಯದಾಯಿತು, ಆದುದರಿಂದ ಹಾಳಾಯಿತು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಕೇವಲ ವಯಸ್ಸಿನಿಂದ ಮರವು ಕೊಳೆಯುವುದಿಲ್ಲ. ಈಜಿಪ್ಟಿನ ಗೋರಿಗಳ ಒಣ ಹವೆಯಲ್ಲಿ ಸಾವಿರಾರು ವರ್ಷಗಳ ಹಿಂದಿನ ಮರದ ಸಾಮಾನುಗಳು ಇಂದಿಗೂ ಉಳಿದು ಬಂದಿವೆ. ಮರವನ್ನು ಹಾಳುಮಾಡುವುವು ಅದನ್ನು ತಿಂದು ಬದುಕುವ ಜೀವಿಗಳು: ಗೆದ್ದಲು, ಕೊರೆಯುವ ಹುಳುಗಳು, ಮತ್ತು ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರಗಳು. ಶಿಲೀಂಧ್ರಕ್ಕೆ ಆಹಾರದ ಜೊತೆಗೆ ಗಾಳಿ, ಬೆಚ್ಚನೆಯ ಹವೆ ಮತ್ತು ನೀರು ಬೇಕು. ಮರದ ಒಣತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಕಡಿಮೆ ತೇವವಿದ್ದಲ್ಲಿ ಅದು ಬೆಳೆಯಲಾರದು. ನೆಟ್ಟ ಕಂಬವು ನೆಲದ ಮಟ್ಟದಲ್ಲಿಯೇ ಮೊದಲು ಕೊಳೆಯುವುದೇಕೆಂಬುದು ಇದರಿಂದ ತಿಳಿಯುತ್ತದೆ. ಗಾಳಿಯೂ ತೇವವೂ ಕೂಡುವ ಸ್ಥಳ ಅದೇ.

ಈ ಶತ್ರುಗಳನ್ನು ಎದುರಿಸಲು ಪ್ರಕೃತಿಯೂ ಒಂದು ಉಪಾಯವನ್ನು ಮಾಡಿದೆ. ತೇಗ ಮೊದಲಾದ ಮರಗಳು ಬೆಳೆಯುತ್ತಿರುವಾಗಲೇ ತಮ್ಮ ಒಳಭಾಗದಲ್ಲಿ ಕೆಲವು ವಸ್ತುಗಳನ್ನು ಸಂಗ್ರಹಿಸುತ್ತವೆ. ಗೆದ್ದಲಿಗೆ ಅವು ಒಗ್ಗುವುದಿಲ್ಲ. ಬಡಗಿಗಳು ಚೇಗು ಎಂದು ಕರೆಯುವ ಭಾಗವು ಇದೇ. ಹೊರಸುತ್ತಿನ ಬಿಳಿಯ ಭಾಗಕ್ಕೆ ಈ ರಕ್ಷಣೆಯಿಲ್ಲ. ತೇಗದ್ದಾದರೂ ಅದು ಬೇಗನೆ ಹುಳುಕು ಹಿಡಿಯುತ್ತದೆ. ಮಾವು, ಬೂರುಗಗಳಂತಹ ಮರಗಳಿಗೆ ಈ ಸಂಪತ್ತು ಬಹಳ ಕಡಿಮೆ. ತೇಗಕ್ಕೆ ಸ್ವಭಾವದಿಂದ ಬಂದ ಗುಣವನ್ನು ಈ ಬಡ ಜಾತಿಗಳಿಗೆ ನಾವು ಕೊಡಬಲ್ಲೆವೇ? ಸಂಶೋಧಕರ ಮುಂದಿದ್ದ ಪ್ರಶ್ನೆಯಿದು.

ಮೊದಲ ದೊಡ್ಡ ಉತ್ತರವು ರೈಲುದಾರಿಗಳ ಕಾಲದಲ್ಲಿ ದೊರೆಯಿತು. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತನು ಒಂದು ವಿಧಾನಕ್ಕೆ ಪೇಟೆಂಟನ್ನು ಪಡೆದನು. ಮರವನ್ನು ಕಬ್ಬಿಣದ ದೊಡ್ಡ ಕೊಳವಿಯಲ್ಲಿ ಮುಚ್ಚಿ, ಮೊದಲು ಅದರೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುವುದು. ಬಳಿಕ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಎಣ್ಣೆಯನ್ನು ಒತ್ತಡದಿಂದ ಮರದ ಒಡಲಿಗೆ ತುಂಬುವುದು. ಮೇಲೆ ಬಳಿದ ಬಣ್ಣವು ಬಿರುಕುಬಿಟ್ಟರೆ ಶತ್ರುವಿಗೆ ಬಾಗಿಲು ತೆರೆದಂತೆ; ಒಳಗೆ ಇಳಿದ ಔಷಧವಾದರೋ ಕಾಯುತ್ತಲೇ ಇರುತ್ತದೆ. ಹಳಿಗಳ ಕೆಳಗಿನ ಸ್ಲೀಪರುಗಳಿಗೆ ಈ ಎಣ್ಣೆಯು ಒಪ್ಪಿತು. ಆದರೆ ಅದರ ವಾಸನೆ ಕಟು, ಅದರ ಮೇಲೆ ಬಣ್ಣ ನಿಲ್ಲದು. ವಾಸದ ಮನೆಗೆ ಅದು ಸಲ್ಲಲಿಲ್ಲ. ನೀರಿನಲ್ಲಿ ಕರಗುವ ಲವಣಗಳನ್ನು ತುಂಬಿದರೆ ವಾಸನೆಯ ತೊಂದರೆಯಿಲ್ಲ, ಆದರೆ ನೀರಿನಲ್ಲಿ ಕರಗಿ ಒಳಹೊಕ್ಕದ್ದು ಮಳೆಯಲ್ಲಿ ಕರಗಿ ಹೊರಬರುವುದೂ ಸಹಜವೇ.

ಈ ತೊಡಕನ್ನು ಬಿಡಿಸಿದ ಕೀರ್ತಿಯು ನಮ್ಮ ದೇಶದವರಾದ ಸೊಂಟಿ ಕಾಮೇಶಂ ಅವರದು. ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿದ್ದ ಅವರು 1933ರಲ್ಲಿ ‘ಆಸ್ಕು’ ಎಂಬ ಮಿಶ್ರಣವನ್ನು ಕಂಡುಹಿಡಿದರು. ಪಾಷಾಣ ಒಂದು ಪಾಲು, ಮೈಲುತುತ್ತ ಮೂರು ಪಾಲು, ಡೈಕ್ರೋಮೇಟು ನಾಲ್ಕು ಪಾಲು ಎಂಬುದು ಭಾರತದಲ್ಲಿ ಬಳಕೆಗೆ ಬಂದ ಪ್ರಮಾಣ. ಪಾಷಾಣವು ಗೆದ್ದಲಿಗೆ, ತಾಮ್ರವು ಶಿಲೀಂಧ್ರಕ್ಕೆ ವಿಷ. ಆದರೆ ಇದರ ಜಾಣ್ಮೆಯಿರುವುದು ಮೂರನೆಯ ವಸ್ತುವಿನಲ್ಲಿ. ಡೈಕ್ರೋಮೇಟು ಮರದ ದ್ರವ್ಯದೊಡನೆಯೇ ಕ್ರಿಯೆ ನಡೆಸಿ, ಉಳಿದೆರಡು ವಿಷಗಳನ್ನು ನೀರಿಗೆ ಸುಲಭವಾಗಿ ಕರಗದಂತೆ ಅಲ್ಲಿಯೇ ಕಟ್ಟಿಹಾಕುತ್ತದೆ. ನೀರಾಗಿ ಹೊಕ್ಕದ್ದು ಕಲ್ಲಾಗಿ ನಿಂತಿತು ಎನ್ನಬಹುದು. ಈ ಬಗೆಯ ಮಿಶ್ರಣವು ಪ್ರಪಂಚದ ಹಲವು ದೇಶಗಳಲ್ಲಿ ತಂತಿಕಂಬ, ಬೇಲಿ, ಸೇತುವೆಗಳನ್ನು ದಶಕಗಳ ಕಾಲ ಕಾಯ್ದಿತು.

ಇಂತಹ ಔಷಧಗಳ ಪರೀಕ್ಷೆಗೆ ಬೇಕಾದದ್ದು ತಾಳ್ಮೆ. ಸುಮಾರು ಎರಡಡಿ ಉದ್ದದ ಮರದ ಗೂಟಗಳನ್ನು ಬಯಲಿನಲ್ಲಿ ಅರ್ಧ ಹೂಳಿ, ವರ್ಷವರ್ಷವೂ ಕಿತ್ತು ನೋಡುತ್ತಾರೆ. ಸಾಲುಸಾಲಾದ ಗೂಟಗಳ ಆ ಬಯಲಿಗೆ ಸಂಶೋಧಕರು ಸ್ಮಶಾನವೆಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಸರಾಸರಿ ಹತ್ತು ವರ್ಷ ತಾಳಿದ ಜಾತಿಯು ಮೊದಲನೆಯ ದರ್ಜೆ. ಐದು ವರ್ಷವೂ ತಾಳದಿದ್ದುದು ಮೂರನೆಯ ದರ್ಜೆ. ಮೈಸೂರು ಸಂಸ್ಥಾನವು 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನ ಪ್ರಯೋಗಾಲಯವನ್ನು ಸ್ಥಾಪಿಸಿತು. ಮಲ್ಲೇಶ್ವರದಲ್ಲಿ ಈಗಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಅದರಿಂದಲೇ ಬೆಳೆದದ್ದು.

ಆದರೆ ವಿಷಕ್ಕೆ ಶತ್ರು ಮಿತ್ರರ ಭೇದ ತಿಳಿಯದು. ಕಟ್ಟಿಹಾಕಿದ ಪಾಷಾಣದಲ್ಲಿಯೂ ಸ್ವಲ್ಪ ಭಾಗವು ಕಾಲಕ್ರಮದಲ್ಲಿ ಮಣ್ಣಿಗೆ ಇಳಿಯುತ್ತದೆ. ಅಂತಹ ಮರವನ್ನು ಸುಟ್ಟರೆ ಬೂದಿಯೂ ವಿಷವೇ. ಮಕ್ಕಳು ಆಡುವ ಉಯ್ಯಾಲೆಯ ಕಂಬಗಳೂ ಇದರಿಂದಾಗಿದ್ದುವೆಂಬುದು ಕಳವಳಕ್ಕೆ ಕಾರಣವಾಯಿತು. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಮರಕ್ಕೆ ಇದನ್ನು ತುಂಬುವುದನ್ನು ನಿಲ್ಲಿಸಿದರು. ಮನೆಯೊಳಗಿನ ಸಾಮಾನುಗಳಿಗೆ ಬಿಳಿಗಾರದಂತಹ ಸೌಮ್ಯವಾದ ವಸ್ತುಗಳಿವೆ. ಹಾಲು ಬತ್ತಿದ ರಬ್ಬರ್ ಮರವು ಪೀಠೋಪಕರಣಕ್ಕೆ ಬರುವುದು ಇದರ ಬಲದಿಂದಲೇ; ಮಳೆಗೆ ಒಡ್ಡಿದರೆ ಮಾತ್ರ ಅದು ತೊಳೆದು ಹೋಗುವುದು.

ಈಚಿನ ಸಂಶೋಧನೆಯು ವಿಷವನ್ನು ಬಿಟ್ಟು ಮರದ ಸ್ವಭಾವವನ್ನೇ ತಿದ್ದಲು ಹೊರಟಿದೆ. ಮರವನ್ನು ಉರಿಯಗೊಡದೆ, ಹಬೆಯಲ್ಲಿ ಸುಮಾರು 200 ಡಿಗ್ರಿಯವರೆಗೆ ಕಾಯಿಸಿದರೆ ಅದು ನೀರನ್ನು ಹೀರುವ ಗುಣವು ಕುಗ್ಗುತ್ತದೆ. ಶಕ್ತಿಯೂ ಸ್ವಲ್ಪ ಕುಗ್ಗುವುದರಿಂದ ಭಾರ ಹೊರುವ ಕೆಲಸಕ್ಕೆ ಅದು ಹೊಂದದು. ಸಿರ್ಕಾದ ಆಮ್ಲಕ್ಕೆ ಸಂಬಂಧಿಸಿದ ಒಂದು ದ್ರವದಿಂದ ಸಂಸ್ಕರಿಸುವುದು ಇನ್ನೊಂದು ಮಾರ್ಗ. ಹೀಗೆ ಸಂಸ್ಕರಿಸಿದ ಮರದಿಂದ ಹಾಲೆಂಡಿನ ಸ್ನೇಕ್ ಎಂಬ ಊರಿನಲ್ಲಿ 2008ರಲ್ಲಿ ವಾಹನಗಳು ಓಡಾಡುವ ಸೇತುವೆಯನ್ನೇ ಕಟ್ಟಿದರು. ಶಿಲೀಂಧ್ರವನ್ನು ಇಲ್ಲಿ ಕೊಲ್ಲುವುದಿಲ್ಲ. ಅದಕ್ಕೆ ನೀರು ಸಿಗದಂತೆ ಮಾಡುತ್ತಾರೆ, ಅಷ್ಟೆ. ಇವುಗಳ ವೆಚ್ಚವು ಮಾತ್ರ ಇನ್ನೂ ಹೆಚ್ಚು.

ಮಲೆನಾಡಿನ ಹಳೆಯ ತೊಟ್ಟಿಮನೆಗಳನ್ನು ಕಟ್ಟಿದವರು ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ಸೂರನ್ನು ಮುಂದಕ್ಕೆ ಚಾಚಿ ಮಳೆಯನ್ನು ದೂರವಿಟ್ಟರು. ಶಿಲೀಂಧ್ರದ ಹೆಸರನ್ನು ಅರಿಯದೆಯೇ ಅದರ ನೀರನ್ನು ಕಡಿದ ಕ್ರಮವಿದು. ಹೊಸ ಮನೆಯನ್ನು ಕಟ್ಟಿಸುವವರು ಚೆನ್ನಾಗಿ ಒಣಗಿದ ಮರವನ್ನೇ ತರಲಿ, ಅದರ ಬುಡಕ್ಕೆ ತೇವ ತಾಗದಂತೆ ನೋಡಿಕೊಳ್ಳಲಿ. ನೆಲಕ್ಕೆ ತಾಗಲೇಬೇಕಾದಲ್ಲಿ ಮಾತ್ರ ಔಷಧವನ್ನು ಬೇಡಲಿ. ಮರವು ಬೆಳೆಯಲು ತೆಗೆದುಕೊಂಡಷ್ಟು ಕಾಲವಾದರೂ ನಮ್ಮ ಮನೆಯಲ್ಲಿ ಬಾಳಿದರೆ, ಕಾಡಿನಿಂದ ತಂದ ಸಾಲವನ್ನು ನಾವು ತೀರಿಸಿದಂತಾಗುವುದು.