ಹಿತ್ತಲ ಗಿಡವೂ ಮದ್ದು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ಸಾಧನೆಗಳನ್ನು ಎಣಿಸುವುದು ವಾಡಿಕೆ. ನಾವಾದರೋ ಇಂದು ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇವೆ. ಹಲವು ವರ್ಷಗಳ ಹಿಂದೆ ಆರನೆಯ ತರಗತಿಯ ಪರೀಕ್ಷೆಯಲ್ಲಿ ನೀರಿನ ಮೂಲಗಳನ್ನು ಹೆಸರಿಸುವಂತೆ ಕೇಳಿದ್ದೆವು. ಬಾಲಕನೊಬ್ಬ ಹೊಳೆ, ಕೆರೆ, ಬಾವಿ ಎಂದು ಬರೆದು ಕೊನೆಗೆ ‘ಸುರಂಗ’ ಎಂದು ಸೇರಿಸಿದ್ದ. ಪಠ್ಯದಲ್ಲಿ ಆ ಪದವಿರಲಿಲ್ಲ. ಕೆಂಪು ಗೆರೆ ಎಳೆದು ಅಂಕ ಕಳೆದೆವು. ಬಾಲಕ ಮರುಮಾತಾಡಲಿಲ್ಲ. ಮುಂದೊಂದು ದಿನ ಅವನ ಅಜ್ಜಿ ಶಾಲೆಗೆ ಬಂದಾಗ, “ಟೀಚರ್, ಮೂರು ತಲೆಮಾರಿನಿಂದ ನಾವು ಕುಡಿಯುತ್ತಿರುವುದು ಅದರದೇ ನೀರು” ಎಂದರು. ನಾವು ತಲೆ ತಗ್ಗಿಸಿದೆವು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡವಾಗಿ ಕೊರೆದ ಸುರಂಗಗಳು ನಮ್ಮ ಹಿರಿಯರ ಕೈಕೆಲಸ. ಒಳಗೆ ಒಸರುವ ನೀರನ್ನು ಮಣ್ಣಿನ ಕಟ್ಟೆಯಿಂದ ತಡೆದು ಹೊರಕ್ಕೆ ಹರಿಸುತ್ತಾರೆ. ಪಂಪು ಬೇಡ, ವಿದ್ಯುತ್ತು ಬೇಡ. ಇಳಿಜಾರೇ ನೀರನ್ನು ತೋಟಕ್ಕೆ ತಲುಪಿಸುತ್ತದೆ. ಗಡಿಯಾಚೆಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿ ಮನೆಗೆ ಮರಳಿದ ಮೇಲೆ ಒಬ್ಬರೇ ಗುಡ್ಡ ಕೊರೆದವರು. ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಹಾರೆ ಕೆಳಗಿಡಲಿಲ್ಲ. ಕೊನೆಗೆ ಬರಡು ನೆಲದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ರಾಷ್ಟ್ರ ಅವರಿಗೆ ಪದ್ಮಶ್ರೀ ನೀಡಿತು. ರಾಷ್ಟ್ರ ಪ್ರಶಸ್ತಿ ಕೊಟ್ಟ ವಿದ್ಯೆಗೇ ನಾವು ಸೊನ್ನೆ ಕೊಟ್ಟಿದ್ದೆವಲ್ಲ!

ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ 2015ರಲ್ಲಿ 81ನೆಯ ಸ್ಥಾನದಲ್ಲಿದ್ದ ಭಾರತ 2024ರಲ್ಲಿ 39ಕ್ಕೆ ಏರಿತು. ಇದು ಹೆಮ್ಮೆಯ ಸಂಗತಿ. ಆದರೆ ಹೊಸ ಶೋಧ ಯಾರಿಗಾಗಿ, ಯಾರಿಂದ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರವಿಲ್ಲ. ನೆರೆಯ ಕಣ್ಣೂರು ಜಿಲ್ಲೆಯ ಚೆಂಪೇರಿಯ ಎಂ.ಜೆ. ಜೋಸೆಫ್ ಹೆಚ್ಚು ಶಾಲೆ ಕಲಿತವರಲ್ಲ. ಅವರು ರೂಪಿಸಿದ ತೆಂಗಿನ ಮರವೇರುವ ಯಂತ್ರವನ್ನು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಗುರುತಿಸಿತು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯಂತ್ರದಿಂದ ಮರವೇರುವ ತರಬೇತಿಯನ್ನು ಆರಂಭಿಸಿದಾಗ ಮಹಿಳೆಯರೂ ಮುಂದೆ ಬಂದರು. ಅಲ್ಲಿಯವರೆಗೆ ಹೆಣ್ಣಿಗೆ ಸಲ್ಲದೆಂದು ಬಗೆದಿದ್ದ ಕೆಲಸ ಅವಳ ಜೀವನೋಪಾಯವಾಯಿತು. ಎಲ್ಲರನ್ನೂ ಒಳಗೊಳ್ಳುವ ಆರ್ಥಿಕತೆ ಎಂದರೆ ನಮ್ಮ ತಿಳಿವಳಿಕೆಯಲ್ಲಿ ಇದೇ: ಕಡಿಮೆ ಓದಿದವನ ಕಲ್ಪನೆಗೆ ಮನ್ನಣೆ, ಹೊರಗುಳಿದವಳ ಕೈಗೆ ಗಳಿಕೆ.

ಇದಕ್ಕೆ ಭಾಷೆಯ ನಂಟೂ ಇದೆ. ಅಹಮದಾಬಾದಿನ ಪ್ರೊಫೆಸರ್ ಅನಿಲ್ ಗುಪ್ತ ಅವರು ಕಟ್ಟಿದ ‘ಹನಿ ಬೀ’ ಜಾಲದ ನೀತಿ ಸರಳವಾದುದು. ಜೇನ್ನೊಣ ಹೂವನ್ನು ಬಡವಾಗಿಸದೆ ಮಕರಂದ ಪಡೆಯುತ್ತದೆ. ಒಂದು ಹೂವನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಹಾಗೆಯೇ ಜನರಿಂದ ಪಡೆದ ಜ್ಞಾನವನ್ನು ಅವರ ಹೆಸರಿನಲ್ಲಿಯೇ ದಾಖಲಿಸಬೇಕು, ಲಾಭದಲ್ಲಿ ಪಾಲು ಕೊಡಬೇಕು, ಅವರ ನುಡಿಯಲ್ಲಿಯೇ ಅವರಿಗೆ ಮರಳಿಸಬೇಕು. ಆ ಪತ್ರಿಕೆಯ ಕನ್ನಡ ಆವೃತ್ತಿಗೆ ‘ಹಿತ್ತಲಗಿಡ’ ಎಂದೇ ಹೆಸರಿಟ್ಟರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಅದಕ್ಕಿಂತ ಚೆಲುವಾದ ಉತ್ತರ ನಮಗೆ ತೋರದು.

ಹೆತ್ತವರೇ, ಪ್ರವೇಶಾತಿಯ ಋತುವಿನಲ್ಲಿ ನೀವು ಕೇಳುವ ಪ್ರಶ್ನೆ ನಮಗೆ ಕಂಠಪಾಠವಾಗಿದೆ: “ಕನ್ನಡದಲ್ಲಿ ಓದಿದರೆ ಮುಂದೇನು?” ನಿಮ್ಮ ಆತಂಕ ಹುಸಿಯಲ್ಲ. ಗಡಿನಾಡಿನ ಮಗುವಿಗೆ ಮಲಯಾಳವೂ ಇಂಗ್ಲಿಷೂ ಬರಲೇಬೇಕು; ಅವನ್ನು ಚೆನ್ನಾಗಿ ಕಲಿಸುವುದು ನಮ್ಮ ಹೊಣೆ. ಕನ್ನಡದ ಅಭಿಮಾನವೊಂದೇ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಅಜ್ಜ ಗುಡ್ಡದ ಬುಡದಲ್ಲಿ ನಿಂತು ಒಸರನ್ನು ಗುರುತಿಸಿದ ಬಗೆಯನ್ನು ಮಗು ಯಾವ ನುಡಿಯಲ್ಲಿ ಕೇಳಿ ತಿಳಿಯಬೇಕು? ಮನೆಯ ಮಾತಿಗೂ ತರಗತಿಗೂ ನಡುವಿನ ಸೇತುವೆ ಕುಸಿದರೆ ಆ ವಿದ್ಯೆ ಅಜ್ಜನೊಂದಿಗೇ ಮಣ್ಣಾಗುತ್ತದೆ.

ಆದುದರಿಂದ ಈ ವರ್ಷದಿಂದ ಶಾಲೆಯಲ್ಲಿ ಒಂದು ದಪ್ಪ ಪುಸ್ತಕವನ್ನು ತೆರೆಯುತ್ತಿದ್ದೇವೆ. ಪ್ರತಿಯೊಂದು ಮಗುವೂ ತನ್ನ ಮನೆಯ ಅಥವಾ ನೆರೆಯ ಒಂದು ಕೌಶಲವನ್ನು ಕನ್ನಡದಲ್ಲಿ ಬರೆಯಬೇಕು: ಬೀಜ ಕಾಪಿಡುವ ಕ್ರಮ, ಅಡಿಕೆಹಾಳೆಯ ಬಳಕೆ, ಬೀಡಿ ಕಟ್ಟುವ ತಾಯಿಯ ಕೈಚಳಕ, ಏನಾದರೂ ಸರಿ. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನು ಬರೆಯುವುದು ಕಡ್ಡಾಯ. ದೊಡ್ಡ ತರಗತಿಯವರು ಅದನ್ನು ಮಲಯಾಳಕ್ಕೂ ಇಂಗ್ಲಿಷಿಗೂ ತರುವರು. ಎಂಜಿನಿಯರರೂ ಉದ್ಯಮಿಗಳೂ ಆಗಿರುವ ಹಳೆವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ: ಶಾಲೆಗೆ ಕಟ್ಟಡ ಕೊಟ್ಟಿರಿ, ಧನ್ಯವಾದ, ಇನ್ನು ವರ್ಷಕ್ಕೊಂದು ದಿನ ಬಂದು ಈ ಪುಸ್ತಕವನ್ನು ಓದಿರಿ. ಅದರಲ್ಲಿ ಯಂತ್ರವಾಗಬಲ್ಲುದು, ಉದ್ಯಮವಾಗಬಲ್ಲುದು ಕಂಡರೆ ಆ ಮನೆಯವರನ್ನು ಪಾಲುದಾರರನ್ನಾಗಿಸಿಕೊಂಡು ಕೈಹಿಡಿಯಿರಿ.

ಪುಸ್ತಕದ ಮೊದಲ ಪುಟವನ್ನು ನಾವೇ ಬರೆದಿದ್ದೇವೆ. ಅದರ ತಲೆಬರಹ ‘ಸುರಂಗ’. ಕೆಳಗೆ ಆ ಅಜ್ಜಿಯ ಒಪ್ಪಿಗೆಯಿಂದ ಅವರ ಮನೆಯವರ ಹೆಸರಿದೆ. ಬಾಲಕನ ಕಳೆದ ಅಂಕವನ್ನು ಇಂದು ಹಿಂದಿರುಗಿಸಲಾಗದು. ಅವನ ತಮ್ಮಂದಿರೂ ತಂಗಿಯರೂ ತಂದ ಉತ್ತರಕ್ಕೆ ಗೆರೆ ಎಳೆಯುವ ಮೊದಲು ಒಂದು ಮಾತು ಕೇಳುವೆವು ಎಂಬುದೇ ಎರಡನೆಯ ಶತಮಾನಕ್ಕೆ ನಮ್ಮ ವಾಗ್ದಾನ.