ರಾಕೆಟ್ಟಿನ ಕೀಲಿ ಯಾರ ಜೇಬಿನಲ್ಲಿ?

ಮಕ್ತಲದಿಂದ ಕೃಷ್ಣಾ ಸ್ಟೇಷನ್ನಿನ ಕಡೆಗೋ, ಗದ್ವಾಲದಿಂದ ಜೂರಾಲ ಅಣೆಕಟ್ಟಿನ ಕಡೆಗೋ ಬೇಸಿಗೆಯಲ್ಲಿ ಹೊರಟರೆ ಸುಗ್ಗಿ ಮುಗಿದ ಹೊಲಗಳ ಬಯಲು ಕಣ್ಣು ಹಾಯುವಷ್ಟು ದೂರಕ್ಕೂ ಕಾಣುತ್ತದೆ. ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇಂಥ ಬಯಲು ಕಂಡಾಗ ರಾಕೆಟ್ ಹಾರಿಸುವ ಆಸೆ ಹುಟ್ಟುವುದು ಸಹಜ. ಹೈದರಾಬಾದಿನ ಸ್ಕೈರೂಟ್ ಕಂಪನಿಯ ‘ವಿಕ್ರಮ್-ಎಸ್’ 2022ರ ನವೆಂಬರ್ 18ರಂದು ಶ್ರೀಹರಿಕೋಟದಿಂದ ಮೇಲೇರಿದ ಮೇಲಂತೂ ಈ ಆಸೆಗೆ ರೆಕ್ಕೆ ಬಂದಿದೆ. ಇವತ್ತಿನ ಮಾತು ಆ ಮಕ್ಕಳಿಗೆ, ಅವರ ತಂದೆತಾಯಿಗಳಿಗೆ, ಮೇಷ್ಟ್ರುಗಳಿಗೆ.

ರಾಕೆಟ್ ಅಂದೊಡನೆ ಎಲ್ಲರೂ ಮದ್ದಿಗೆ ಹೆದರುತ್ತಾರೆ. ಹೆದರಲೇಬೇಕು. ಆದರೆ ಹವ್ಯಾಸಿಗಳು ಹಾರಿಸುವ ದೊಡ್ಡ ರಾಕೆಟ್ಟಿನಲ್ಲಿ, ಮದ್ದಿಗೆ ಯಾವ ಗಳಿಗೆಯಲ್ಲಿ ಕಿಡಿ ತಾಗಬೇಕು ಎಂದು ತೀರ್ಮಾನಿಸುವ ಅಂಗೈಗಿಂತ ಸಣ್ಣದೊಂದು ಸರ್ಕ್ಯೂಟ್ ಇರುತ್ತದೆ. ನಾನು ಹೇಳಹೊರಟಿರುವುದು ಆ ಸರ್ಕ್ಯೂಟಿನ ಚರಿತ್ರೆ. ಅದು ಎಲ್ಲೆಲ್ಲಿ ಎಡವಿತು, ಎಡವಿದಾಗಲೆಲ್ಲ ಜನ ಏನು ಕಲಿತರು ಎಂಬುದರ ಕಥೆ.

ಮೈಸೂರಿನ ಹೈದರಾಲಿ, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಲ್ಲಿ ಇಂಥದ್ದೇನೂ ಇರಲಿಲ್ಲ. ಇದ್ದದ್ದು ಬತ್ತಿ ಮಾತ್ರ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರ ರಾಕೆಟ್ಟುಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆ ಕಾಲದ ಸಿಪಾಯಿಗೆ ಬತ್ತಿ ಉರಿಯುವಷ್ಟು ಹೊತ್ತು ದೂರ ಸರಿಯಲು ಸಿಗುತ್ತಿತ್ತು. ಅವನ ಸುರಕ್ಷತೆ ಎಲ್ಲವೂ ಅಷ್ಟರಲ್ಲೇ.

ಹವ್ಯಾಸದ ರಾಕೆಟ್ಟಿನ ಕಥೆ ಶುರುವಾಗುವುದು ಅಮೆರಿಕದಲ್ಲಿ. 1957ರಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕದ ಹುಡುಗರು ಮನೆಯ ಗ್ಯಾರೇಜುಗಳಲ್ಲಿ ತಾವೇ ಮದ್ದು ಅರೆದು, ಲೋಹದ ಕೊಳವೆಗೆ ತುಂಬಿ ಹಾರಿಸಲು ಹೊರಟರು. ಬೆರಳು ಕಳೆದುಕೊಂಡವರಿದ್ದರು, ಜೀವ ಕಳೆದುಕೊಂಡವರೂ ಇದ್ದರು. ಜಿ. ಹ್ಯಾರಿ ಸ್ಟೈನ್ ಎಂಬವರು ವೈಟ್ ಸ್ಯಾಂಡ್ಸ್ ಕ್ಷಿಪಣಿ ಮೈದಾನದಲ್ಲಿ ಕೆಲಸ ಮಾಡಿದ್ದವರು. ರಾಕೆಟ್ ಮೈದಾನದ ಸುರಕ್ಷತೆಯ ಬಗ್ಗೆ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಅದನ್ನು ಓದಿದ ನೆಬ್ರಾಸ್ಕಾದ ಓರ್ವಿಲ್ ಕಾರ್ಲೈಲ್, ತಾನು ಮಾಡಿದ ಕಾಗದದ ಮೈಯ ಪುಟ್ಟ ರಾಕೆಟ್ಟುಗಳ ಬಗ್ಗೆ ಅವರಿಗೆ ತಿಳಿಸಿದರು. ಕಾರ್ಲೈಲ್ ಚಪ್ಪಲಿ ಅಂಗಡಿ ನಡೆಸುತ್ತಿದ್ದವರು. ಇವರಿಬ್ಬರ ಭೇಟಿಯಿಂದ ಒಂದು ಸಂಘ ಹುಟ್ಟಿತು, ಒಂದು ನಿಯಮಾವಳಿ ಹುಟ್ಟಿತು. ಮದ್ದನ್ನು ಯಾರೂ ಮನೆಯಲ್ಲಿ ಕಲಸಬಾರದು, ಕಾರ್ಖಾನೆಯಲ್ಲಿ ತಯಾರಾದ ಮೋಟಾರನ್ನೇ ಬಳಸಬೇಕು. ಬತ್ತಿ ಬೇಡ, ದೂರದಿಂದ ವಿದ್ಯುತ್ತಿನಲ್ಲೇ ಹೊತ್ತಿಸಬೇಕು. ಹೊತ್ತಿಸುವ ಗುಂಡಿಯ ಪೆಟ್ಟಿಗೆಗೆ ತೆಗೆಯಬಹುದಾದ ಕೀಲಿ ಇರಬೇಕು. ರಾಕೆಟ್ ಹೊತ್ತಿಕೊಳ್ಳದಿದ್ದರೆ ಕೀಲಿ ಕಿತ್ತು, 60 ಸೆಕೆಂಡು ಕಾದು, ಆಮೇಲೆ ಹತ್ತಿರ ಹೋಗಬೇಕು.

ಈ ಕೀಲಿಯ ವಿಷಯ ನಮ್ಮ ಕಡೆಯವರಿಗೆ ಹೊಸದಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಅದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿ. ಗಣಿಯ ಕಾಯಿದೆಯ ಪ್ರಕಾರ ಸಿಡಿಮದ್ದು ಹಾರಿಸುವ ಯಂತ್ರದ ಹಿಡಿಯನ್ನೋ ಕೀಲಿಯನ್ನೋ ಸಿಡಿಸುವವನೇ ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು. ವೈರ್ ಜೋಡಿಸಲು ಅವನು ಒಳಗೆ ಹೋದರೆ ಕೀಲಿಯೂ ಅವನ ಜೊತೆ ಒಳಗೆ ಹೋಗುತ್ತದೆ. ಹೊರಗೆ ನಿಂತವನು ಮರೆತೋ ಅವಸರಪಟ್ಟೋ ಗುಂಡಿ ಒತ್ತಿದರೂ ವಿದ್ಯುತ್ ಹರಿಯುವ ದಾರಿಯೇ ಇರುವುದಿಲ್ಲ. ರಾಕೆಟ್ ಹವ್ಯಾಸಿಗಳ ನಿಯಮವೂ ಇದೇ ಬುದ್ಧಿಯಿಂದ ಹುಟ್ಟಿದ್ದು.

ನಮ್ಮ ದೇಶದ ದೊಡ್ಡ ರಾಕೆಟ್ಟುಗಳ ಕಡೆ ನೋಡಿದರೆ, ಯಂತ್ರಕ್ಕೂ ಮನುಷ್ಯನಿಗೂ ನಡುವಿನ ತೀರ್ಮಾನದ ಪ್ರಶ್ನೆ 1979ರ ಆಗಸ್ಟ್ 10ರಂದು ಬಹಳ ಗಟ್ಟಿಯಾಗಿ ಎದ್ದಿತು. ಅಂದು ಎಸ್‌ಎಲ್‌ವಿ-3ರ ಮೊದಲ ಹಾರಾಟ. ಕೊನೆಯ ಗಳಿಗೆಯಲ್ಲಿ ಕಂಪ್ಯೂಟರ್ ‘ನಿಲ್ಲಿಸಿ’ ಎಂದಿತು. ಪರಿಣತರ ಸಲಹೆಯ ಮೇರೆಗೆ ಅದನ್ನು ಬದಿಗಿಟ್ಟು ರಾಕೆಟ್ ಬಿಡಲಾಯಿತು ಎಂದು ಯೋಜನೆಯ ಮುಖ್ಯಸ್ಥರಾಗಿದ್ದ ಅಬ್ದುಲ್ ಕಲಾಂ ಅವರೇ ಮುಂದೆ ಅನೇಕ ಸಭೆಗಳಲ್ಲಿ ಹೇಳಿದರು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ವಾಲ್ವ್ ಮುಚ್ಚಿಕೊಳ್ಳದೆ ಆಮ್ಲ ಸೋರಿಹೋಗಿತ್ತು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕಂಪ್ಯೂಟರ್ ಅಂದು ಸರಿಯಾಗಿಯೇ ಹೇಳಿತ್ತು. ಮರುವರ್ಷ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ಸೋಲನ್ನು ಮುಚ್ಚಿಡದೆ ಜನರ ಮುಂದೆ ಇಟ್ಟದ್ದು ನಮ್ಮ ವಿಜ್ಞಾನದ ಬಹು ದೊಡ್ಡ ನಡೆ ಎಂದು ನಾನು ನಂಬುತ್ತೇನೆ. ಸೋಲನ್ನು ಬಾಯಿಬಿಟ್ಟು ಹೇಳದಿದ್ದರೆ ಆ ವಾಲ್ವಿನ ವಿಷಯ ಇವತ್ತು ನಮ್ಮ ಹಳ್ಳಿಯ ವಿದ್ಯಾರ್ಥಿಗೆ ತಿಳಿಯುತ್ತಲೇ ಇರಲಿಲ್ಲ.

ಈಗ ಮತ್ತೆ ಹವ್ಯಾಸಿಗಳ ಕಡೆಗೆ. 1980ರ ದಶಕದಲ್ಲಿ ಅಮೆರಿಕದ ಒಣ ಸರೋವರಗಳ ಮೇಲೆ ಜನ ಆಳೆತ್ತರಕ್ಕೂ ಮೀರಿದ ರಾಕೆಟ್ಟುಗಳನ್ನು ಹಾರಿಸತೊಡಗಿದರು. ಮೋಟಾರಿನ ನೂಕುಬಲವನ್ನು ಅದು ಉರಿಯುವ ಹೊತ್ತಿನಿಂದ ಗುಣಿಸಿದ ಲೆಕ್ಕ 160 ನ್ಯೂಟನ್-ಸೆಕೆಂಡ್ ಮೀರಿದರೆ ಅದು ‘ಹೈ ಪವರ್’ ವರ್ಗಕ್ಕೆ ಸೇರುತ್ತದೆ. ಹಾರಿಸುವವನಿಗೆ ಸಂಘದ ಪ್ರಮಾಣಪತ್ರ ಬೇಕು. ಇಲ್ಲಿ ಹೊಸ ತೊಡಕು ಬಂತು. ಸಣ್ಣ ರಾಕೆಟ್ಟಿನಲ್ಲಿ ಮೋಟಾರೇ ಉರಿದು ಮುಗಿದ ಮೇಲೆ ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಹೋಗುವ ರಾಕೆಟ್ಟಿನ ದೊಡ್ಡ ಪ್ಯಾರಾಚೂಟು ಅಲ್ಲೇ ಬಿಚ್ಚಿಕೊಂಡರೆ ಗಾಳಿ ಅದನ್ನು ಎರಡು ಊರು ದಾಟಿಸಿಬಿಡುತ್ತದೆ. ಹಾಗಾಗಿ ತುತ್ತತುದಿಯಲ್ಲಿ ಒಂದು ಚಿಕ್ಕ ಪ್ಯಾರಾಚೂಟು, ನೆಲ ಸಮೀಪಿಸಿದಾಗ ಇನ್ನೂರು ಮೀಟರಿನ ಸುಮಾರಿಗೆ ದೊಡ್ಡದು, ಹೀಗೆ ಎರಡು ಸಲ ಬಿಚ್ಚುವ ಏರ್ಪಾಟು ಬಂತು. ಆ ಎರಡು ಗಳಿಗೆಗಳನ್ನು ಗುರುತಿಸುವುದೇ ಆಲ್ಟಿಮೀಟರ್ ಎಂಬ ಸರ್ಕ್ಯೂಟಿನ ಕೆಲಸ.

ಆ ಸರ್ಕ್ಯೂಟ್ ಕೂರುವ ಕೋಣೆಯನ್ನೊಮ್ಮೆ ಬಿಚ್ಚಿ ನೋಡೋಣ. ರಾಕೆಟ್ಟಿನ ನಡುಭಾಗದಲ್ಲಿ ಎರಡೂ ಕಡೆ ಮುಚ್ಚಿದ ಒಂದು ಕೊಳವೆ. ಅದರೊಳಗೆ ಜಾರಿಸಿಟ್ಟ ಪ್ಲೈವುಡ್ ಹಲಗೆ. ಹಲಗೆಯ ಒಂದು ಬದಿಗೆ ಸರ್ಕ್ಯೂಟ್, ಇನ್ನೊಂದು ಬದಿಗೆ ಬಿಗಿದು ಕಟ್ಟಿದ 9 ವೋಲ್ಟ್ ಬ್ಯಾಟರಿ. ಹೊರಗಿನಿಂದ ಸ್ಕ್ರೂ ಡ್ರೈವರಿನಲ್ಲಿ ತಿರುಗಿಸಬಹುದಾದ ಸ್ವಿಚ್ಚು. ಕೊಳವೆಯ ಮೈಗೆ ಕೊರೆದ ಸಣ್ಣ ತೂತುಗಳು. ಹೊರಗಿನ ಗಾಳಿಯ ಒತ್ತಡ ಒಳಗಿನ ಸಂವೇದಕಕ್ಕೆ ತಲುಪುವುದು ಅವುಗಳಿಂದಲೇ. ಎರಡು ಜೊತೆ ವೈರುಗಳು ಹೊರಟು ಎರಡು ಕಿಡಿಕಡ್ಡಿಗಳಿಗೆ ಸೇರುತ್ತವೆ. ಕೂದಲಿನಷ್ಟು ತೆಳುವಾದ ತಂತಿ ಕಾದು, ಪ್ಯಾರಾಚೂಟನ್ನು ಹೊರಗೆ ತಳ್ಳುವ ಮದ್ದಿಗೆ ಕಿಡಿ ತಾಗಿಸುವುದು ಅಲ್ಲಿ. ಸ್ವಿಚ್ ಹಾಕಿದಾಗ ಸರ್ಕ್ಯೂಟ್ ‘ಬೀಪ್’ ಎನ್ನುತ್ತದೆ. ಕೆಲವು ಆಲ್ಟಿಮೀಟರುಗಳಲ್ಲಿ ಮೂರು ಬೀಪ್ ಕೇಳಿದರೆ ಎರಡೂ ಕಿಡಿಕಡ್ಡಿಗಳು ಸರಿಯಾಗಿ ಜೋಡಣೆಯಾಗಿವೆ ಎಂದರ್ಥ.

ಇದರಲ್ಲಿ ಕೆಡುವುದು ಏನು? ಬಹುಪಾಲು ಸಲ ಚಿಪ್ ಕೆಡುವುದಿಲ್ಲ, ಅದಕ್ಕೆ ಸಿಗುವ ಸುದ್ದಿ ಕೆಡುತ್ತದೆ. ರಾಕೆಟ್ಟಿನ ವೇಗ ಶಬ್ದದ ವೇಗವನ್ನು ದಾಟುವಾಗ (ನಮ್ಮ ಕಡೆಯ 40 ಡಿಗ್ರಿ ಬಿಸಿಲಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್) ಮೈಯ ಸುತ್ತಲಿನ ಒತ್ತಡ ತಟ್ಟನೆ ಏರಿಳಿಯುತ್ತದೆ. ಒತ್ತಡ ಏರಿದರೆ ಸರ್ಕ್ಯೂಟಿಗೆ ‘ಕೆಳಗಿಳಿಯುತ್ತಿದ್ದೇನೆ’ ಎಂದು ತೋರುತ್ತದೆ. ಪ್ಯಾರಾಚೂಟು ಬಿಚ್ಚುತ್ತದೆ. ಆ ವೇಗದಲ್ಲಿ ಬಟ್ಟೆ ಹರಿದು, ಹಗ್ಗ ಕಿತ್ತು, ರಾಕೆಟ್ ಚೂರಾಗುತ್ತದೆ. ಇದನ್ನು ಕಂಡ ಮೇಲೆ ತಯಾರಕರು ಆ ಕೆಲವು ಸೆಕೆಂಡುಗಳ ಮಟ್ಟಿಗೆ ಒತ್ತಡದ ಮಾತನ್ನು ಕೇಳಬೇಡ ಎಂದು ತಂತ್ರಾಂಶದಲ್ಲೇ ಬರೆದರು. ಇನ್ನೊಂದು ಕಾಟ ಬ್ಯಾಟರಿಯದು. ನೆಗೆತದ ಹೊಡೆತಕ್ಕೆ ಬ್ಯಾಟರಿಯ ಕ್ಲಿಪ್ಪು ಅರೆಗಳಿಗೆ ಸಡಿಲವಾದರೂ ಸಾಕು, ಸರ್ಕ್ಯೂಟ್ ಸತ್ತು ಮತ್ತೆ ಹುಟ್ಟುತ್ತದೆ, ಆಕಾಶದ ನಡುವೆ ‘ಇದೇ ನೆಲ’ ಎಂದುಕೊಳ್ಳುತ್ತದೆ. ಮೊದಲನೆಯ ಕಿಡಿಕಡ್ಡಿ ಉರಿದ ಮೇಲೆ ಶಾರ್ಟ್ ಆಗಿ ಬ್ಯಾಟರಿಯನ್ನು ಬರಿದು ಮಾಡಿದರೂ ಗತಿ ಅದೇ. ಪ್ಯಾರಾಚೂಟು ಬಿಚ್ಚದೆ ಕಿಲೋಮೀಟರ್ ಎತ್ತರದಿಂದ ನೆಟ್ಟಗೆ ಬೀಳುವ ಐದು ಕಿಲೋ ತೂಕದ ರಾಕೆಟ್ ನೆಲಕ್ಕೆ ಬಡಿಯುವ ವೇಗ ಗಂಟೆಗೆ 300 ಕಿಲೋಮೀಟರ್ ದಾಟಬಹುದು. ಕುರಿ ಮೇಯಿಸುವವರ ಮೇಲೆ, ಹತ್ತಿ ಬಿಡಿಸುವವರ ಮೇಲೆ ಅದು ಬಿದ್ದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವುದು ನೆಲದ ಮೇಲೆ ಆಗುವ ಎಡವಟ್ಟು. ರಾಕೆಟ್ಟನ್ನು ಕೈಯಲ್ಲಿ ಹಿಡಿದಿರುವಾಗ ಸ್ವಿಚ್ ಹಾಕಿದ್ದರೆ, ಗಾಳಿಯ ಒಂದು ಬೀಸು ತೂತಿಗೆ ಹೊಡೆದರೂ ಒತ್ತಡ ಬದಲಾಯಿತೆಂದು ಸರ್ಕ್ಯೂಟ್ ಕಿಡಿ ಬಿಟ್ಟೀತು. ಮದ್ದು ಮುಖದ ಮುಂದೆಯೇ ಸಿಡಿದೀತು. ಅದಕ್ಕೇ ಹೈ ಪವರ್ ನಿಯಮಾವಳಿ ಸ್ಪಷ್ಟವಾಗಿದೆ. ರಾಕೆಟ್ ಹಾರುವ ಕಂಬದ ಮೇಲೆ ನೆಟ್ಟಗೆ ನಿಲ್ಲುವವರೆಗೆ ಒಳಗಿನ ಕಿಡಿಯ ದಾರಿ ಕಡಿದಿರಬೇಕು. ಗಾಳಿ ಗಂಟೆಗೆ ಸುಮಾರು 32 ಕಿಲೋಮೀಟರ್ ಮೀರಿದರೆ ಅಂದಿನ ಹಾರಾಟವೇ ಇಲ್ಲ. ಕಿಡಿ ತಪ್ಪಿ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ದೇಶದ ಅಲ್ಕಾಂತರಾ ಸಾಕ್ಷಿ. 2003ರ ಆಗಸ್ಟ್ 22ರಂದು, ಹಾರಲು ಇನ್ನೂ ದಿನಗಳಿರುವಾಗಲೇ, ನಿಂತ ರಾಕೆಟ್ಟಿನ ನಾಲ್ಕು ಮೋಟಾರುಗಳಲ್ಲಿ ಒಂದು ತಾನಾಗಿ ಹೊತ್ತಿಕೊಂಡಿತು. ಗೋಪುರದಲ್ಲಿ ಕೆಲಸ ಮಾಡುತ್ತಿದ್ದ 21 ಜನ ಸತ್ತರು.

ಇಸ್ರೋದ ಎರಡು ಸೋಲುಗಳನ್ನು ಇಲ್ಲಿ ಜೋಡಿಸಿ ನೋಡಬೇಕು, ಯಾಕೆಂದರೆ ಅವು ಹವ್ಯಾಸಿಗಳ ತೊಂದರೆಗಳದೇ ದೊಡ್ಡ ರೂಪ. 2010ರ ಡಿಸೆಂಬರ್ 25ರಂದು ಜಿಎಸ್‌ಎಲ್‌ವಿ-ಎಫ್06 ಮೇಲೇರಿ 48 ಸೆಕೆಂಡ್ ಆಗುವಷ್ಟರಲ್ಲಿ ಕನೆಕ್ಟರುಗಳ ಒಂದು ಗುಂಪು ಕಳಚಿತು. ಮೇಲಿನ ಕಂಪ್ಯೂಟರಿನ ಆಜ್ಞೆ ಕೆಳಗಿನ ಎಂಜಿನ್‌ಗಳಿಗೆ ತಲುಪದೆ ರಾಕೆಟ್ ವಾಲಿತು. ಸುರಕ್ಷತಾ ಅಧಿಕಾರಿಗಳೇ ಅದನ್ನು ಆಕಾಶದಲ್ಲಿ ನಾಶ ಮಾಡಬೇಕಾಯಿತು. ನೂರಾರು ಟನ್ನಿನ ರಾಕೆಟ್ಟಿನ ಹಣೆಬರಹ ಪ್ಲಗ್ಗುಗಳ ಮೇಲೆ ನಿಂತಿತ್ತು. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ. ಗ್ರಾಮೀಣ ಭಾಗದ 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಹಾಕಿ ಮಾಡಿದ ‘ಆಜಾದಿಸ್ಯಾಟ್’ ಅದರಲ್ಲಿತ್ತು. ಎರಡನೇ ಹಂತ ಬೇರ್ಪಟ್ಟಾಗ ಎದ್ದ ಅಲುಗಾಟ ಕ್ಷಣಮಾತ್ರದ್ದು. ಆದರೆ ವೇಗೋತ್ಕರ್ಷ ಅಳೆಯುವ ಸಂವೇದಕಗಳು ತಮ್ಮ ಮಿತಿ ಮುಟ್ಟಿದವು. ಸಂವೇದಕಗಳೆಲ್ಲ ಕೆಟ್ಟಿವೆ ಎಂದು ಕಂಪ್ಯೂಟರ್ ತಿಳಿಯಿತು. ಕೆಟ್ಟಿರಲಿಲ್ಲ. ಕಂಪ್ಯೂಟರ್ ತುರ್ತು ದಾರಿ ಹಿಡಿದು, ಉಪಗ್ರಹಗಳನ್ನು ನೆಲದಿಂದ 76 ಕಿಲೋಮೀಟರಿನವರೆಗೆ ಇಳಿಯುವ ಕಕ್ಷೆಗೆ ಬಿಟ್ಟಿತು, ಅವು ಉಳಿಯಲಿಲ್ಲ. ಬೇರ್ಪಡಿಸುವ ವ್ಯವಸ್ಥೆಯನ್ನೂ ತರ್ಕವನ್ನೂ ತಿದ್ದಿ, 2023ರ ಫೆಬ್ರವರಿ 10ರಂದು ಎರಡನೇ ಹಾರಾಟದಲ್ಲಿ ಆ ಹುಡುಗಿಯರ ‘ಆಜಾದಿಸ್ಯಾಟ್-2’ ಕಕ್ಷೆ ಸೇರಿತು. ಈ ಸುದ್ದಿ ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನು ಶಿಸ್ತಿನಿಂದ ಕಲಿಯುತ್ತಿರುವವರು ಇದ್ದಾರೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ‘ಥ್ರಸ್ಟ್‌ಎಂಐಟಿ’ ವಿದ್ಯಾರ್ಥಿ ತಂಡ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆಯುತ್ತಿದ್ದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಗೆ ಹೋಗಿಬಂದಿದೆ. ಆ ಸ್ಪರ್ಧೆಯ ನಿಯಮ ಹೀಗಿತ್ತು: ಪ್ಯಾರಾಚೂಟು ಬಿಚ್ಚುವ ಸರ್ಕ್ಯೂಟ್ ಎರಡಿರಬೇಕು. ಸಂವೇದಕವೂ ಕಿಡಿಕಡ್ಡಿಯೂ ಪ್ರತ್ಯೇಕವಾಗಿರಬೇಕು. ಎರಡರಲ್ಲಿ ಕನಿಷ್ಠ ಒಂದಾದರೂ ಮಾರುಕಟ್ಟೆಯಲ್ಲಿ ಸಿಗುವ, ಪಳಗಿದ ಉಪಕರಣವಾಗಿರಬೇಕು. ವಿದ್ಯಾರ್ಥಿ ತಾನೇ ಕಟ್ಟಿದ ಸರ್ಕ್ಯೂಟನ್ನು ಹಾರಿಸಬಹುದಿತ್ತು, ಅದೊಂದನ್ನೇ ನೆಚ್ಚಿಕೊಳ್ಳುವಂತಿರಲಿಲ್ಲ.

ಜೂರಾಲದ ಬಯಲಿಗೆ ಬಂದರೆ, ಅದು ಕಣ್ಣಿಗೆ ಖಾಲಿ ಕಂಡರೂ ಖಾಲಿಯಲ್ಲ. 39 ಮೆಗಾವ್ಯಾಟಿನ ಆರು ಯಂತ್ರಗಳಿರುವ ವಿದ್ಯುತ್ ಕೇಂದ್ರ, ಅಲ್ಲಿಂದ ಹೊರಟ ಹೈಟೆನ್ಷನ್ ತಂತಿಗಳು, ರಾಯಚೂರು-ಗದ್ವಾಲ ರೈಲು ಹಾದಿ, ಕಾಲುವೆಗಳು, ದನಕರು, ಕೂಲಿಯವರು. ಮುಂಗಾರಿಗೆ ಮುಂಚೆ ಸಿಡಿಲಿನ ಮೋಡ, ಆಮೇಲೆ ಆಷಾಢದ ಗಾಳಿ. ಎರೆಮಣ್ಣಿನ ಹುಡಿ ಆ ಸಣ್ಣ ತೂತನ್ನು ಮುಚ್ಚಿದರೆ ಆಲ್ಟಿಮೀಟರ್ ಕುರುಡಾಗುತ್ತದೆ. ಇದಲ್ಲದೆ ನಮ್ಮ ದೇಶದಲ್ಲಿ ಮದ್ದು ತಯಾರಿಸುವುದು, ಕೂಡಿಡುವುದು, ಸಾಗಿಸುವುದು 2008ರ ಸ್ಫೋಟಕ ನಿಯಮಗಳಿಗೆ ಒಳಪಟ್ಟದ್ದು. ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ಹಾಗಾಗಿ, ಮಕ್ಕಳೇ, ಹೊಲದಲ್ಲಿ ಮದ್ದು ಕಲಸುವ ಯೋಚನೆಯನ್ನೇ ಬಿಡಿ.

ಆದರೆ ಸರ್ಕ್ಯೂಟನ್ನು ಇವತ್ತೇ ಕಲಿಯಬಹುದು. ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಒಂದು ದೊಡ್ಡ ಸಿರಿಂಜು, ಒತ್ತಡ ಅಳೆಯುವ ಒಂದು ಸಂವೇದಕ, ಮೈಕ್ರೊಕಂಟ್ರೋಲರ್ ಸಾಕು. ಕಿಡಿಕಡ್ಡಿಯ ಜಾಗದಲ್ಲಿ ಎರಡು ಎಲ್‌ಇಡಿ ಹಾಕಿ. ಜಲಾಶಯ ತುಂಬಿದಾಗ ಜೂರಾಲದ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 318 ಮೀಟರ್ ಮೇಲೆ; ಇಲ್ಲಿಂದ ನೂರು ಮೀಟರ್ ಏರಿದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ 11 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಸರ್ಕ್ಯೂಟನ್ನು ಡಬ್ಬಿಯೊಳಗಿಟ್ಟು ಬಿಗಿಯಾಗಿ ಮುಚ್ಚಿ, ಸಿರಿಂಜಿನಿಂದ ಗಾಳಿ ಎಳೆದರೆ ಸರ್ಕ್ಯೂಟಿಗೆ ತಾನು ಮೇಲೇರಿದಂತೆ ತೋರುತ್ತದೆ. ಮೆಲ್ಲಗೆ ಬಿಟ್ಟರೆ ಇಳಿದಂತೆ. ತುದಿಯಲ್ಲಿ ಮೊದಲ ದೀಪ, ಇನ್ನೂರು ಮೀಟರಿನಲ್ಲಿ ಎರಡನೆಯದು ಹತ್ತಬೇಕು. ಆಮೇಲೆ ಬೇಕೆಂದೇ ಕೆಡಿಸಿ. ಬ್ಯಾಟರಿಯ ವೈರನ್ನು ಅಲುಗಾಡಿಸಿ, ಸಂವೇದಕದ ತೂತಿನ ಮೇಲೆ ಊದಿ, ಬಿಸಿಲಲ್ಲಿ ಮಧ್ಯಾಹ್ನವೆಲ್ಲ ಇಟ್ಟು ಮತ್ತೆ ನಡೆಸಿ. ಯಾವಾಗ ದೀಪ ತಪ್ಪು ಗಳಿಗೆಯಲ್ಲಿ ಹತ್ತಿತೋ ಅದನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೇಷ್ಟ್ರಿಗೆ ತೋರಿಸಿ. ಅನುಮತಿ ಪಡೆದ ಮೈದಾನಕ್ಕೆ ಮುಂದೊಂದು ದಿನ ನೀವು ಹೋದಾಗ, ಅಲ್ಲಿನ ಸುರಕ್ಷತಾ ಅಧಿಕಾರಿ ರಾಕೆಟ್ಟಿನ ಬಣ್ಣ ನೋಡುವುದಕ್ಕೂ ಮೊದಲು ಈ ಪರೀಕ್ಷೆಗಳ ದಾಖಲೆ ಎಲ್ಲಿ ಎಂದು ಕೇಳಬೇಕು. ಕೇಳದಿದ್ದರೆ ನೀವೇ ತೆಗೆದು ಕೊಡಿ.